ಎತ್ತು ಮಾರಿದ ವರ್ಷ

ನನ್ನ ಲ್ಯಾಪ್‌ಟಾಪಿನಲ್ಲಿ ‘ಬರ’ ಅನ್ನುವ ಒಂದು ಫೋಲ್ಡರ್ ಇದೆ. ವಿಜಯಪುರ-ಸೊಲ್ಲಾಪುರ ಗಡಿಯ ಹಳ್ಳಿಗಳಲ್ಲಿ ಉಳಿದಿರುವ ಬರದ ನೆನಪುಗಳು ನನ್ನ ಪಿಎಚ್‌ಡಿ ವಿಷಯ. ಕೇಳಿ ಬರೆದಿಟ್ಟ ಸಂದರ್ಶನಗಳು, ಗೆಜೆಟಿಯರುಗಳ ಪಿಡಿಎಫ್, ಗೆಳೆಯರು ಕಳಿಸಿದ ಲೇಖನಗಳು, ಎಲ್ಲವೂ ಅದರೊಳಗೆ. ಯಾರು ಏನು ಹೇಳಿದರು ಅಂತ ಹುಡುಕಲು ಮೊದಲು ಗ್ರೆಪ್ ಬಳಸುತ್ತಿದ್ದೆ. ಅದು ಸಾದಾ ಪಠ್ಯವನ್ನಷ್ಟೇ ಓದುತ್ತದೆ. ಅದನ್ನೂ ಪ್ರತಿ ಸಲ ಮೊದಲಿನಿಂದ.

ಈಗಿರುವುದು ರಿಕಾಲ್. ಟರ್ಮಿನಲ್ಲಿನಲ್ಲಿ ‘ರಿಕಾಲ್‌ಇಂಡೆಕ್ಸ್’ ಅಂತ ಕೊಟ್ಟರೆ ಫೋಲ್ಡರಿನ ಕಡತಗಳನ್ನೆಲ್ಲ ಒಮ್ಮೆ ಓದಿ, ಯಾವ ಪದ ಯಾವ ಕಡತದಲ್ಲಿದೆ ಅನ್ನುವ ಪಟ್ಟಿ ಕಟ್ಟುತ್ತದೆ. ಪುಸ್ತಕದ ಹಿಂದಿನ ಪದಸೂಚಿಯ ಹಾಗೆಯೇ. ಮುಂದಿನ ಸಲ ಹೊಸದಾಗಿ ಬಂದ, ಬದಲಾದ ಕಡತಗಳನ್ನಷ್ಟೇ ನೋಡುತ್ತದೆ. ಆಮೇಲೆ ಹುಡುಕಾಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಕನ್ನಡದ ಮಟ್ಟಿಗೆ ಕಥೆ ಇಷ್ಟು ಸಲೀಸಲ್ಲ. ಸ್ಕ್ಯಾನ್ ಮಾಡಿದ ಪುಟಗಳು ಬರೀ ಚಿತ್ರಗಳು. ಟೆಸರಾಕ್ಟಿನಿಂದ ಅಕ್ಷರ ಗುರುತಿಸಿ ಕೊಡಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಟೈಪಾದ ಲೇಖನಗಳು ಪರದೆಯ ಮೇಲೆ ಮಾತ್ರ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಪರಿವರ್ತಿಸದೆ ಸೂಚಿಗೆ ಏನೂ ತಿಳಿಯದು. ಇನ್ನು ವಿಭಕ್ತಿ. ಇಂಗ್ಲಿಷಿನಲ್ಲಾದರೆ ಪದದ ಬಾಲ ಕತ್ತರಿಸಿ ಮೂಲ ರೂಪ ಹುಡುಕುವ ವ್ಯವಸ್ಥೆ ಜೊತೆಗೇ ಬರುತ್ತದೆ, ಕನ್ನಡಕ್ಕಿಲ್ಲ. ಹಾಗಾಗಿ ‘ಬರ’ದ ಮುಂದೆ ನಕ್ಷತ್ರ ಚಿಹ್ನೆ ಹಾಕಬೇಕು. ಹಾಕಿದರೆ ಬರಗಾಲ, ಬರದಾಗ ಬರುತ್ತವೆ. ಜೊತೆಗೆ ಬರಲಿಲ್ಲ, ಬರಹ, ಬರೆ, ಬರ್ತೀನಿ ಎಲ್ಲವೂ ಬರುತ್ತವೆ. ‘ಮಳಿ ಬರಲಿಲ್ಲ’ ಅನ್ನುವುದೂ ಬಂದುಬಿಟ್ಟಾಗ ಮಾತ್ರ ಬೈಯುವುದಿಲ್ಲ.

ಕಾಗದಪತ್ರಗಳ ತಂಟೆ ಇನ್ನೊಂದು ಬಗೆಯದು. 1876–78ರ ಕ್ಷಾಮವನ್ನು ವರದಿಗಳು ಇಸವಿಯಿಂದ ಗುರುತಿಸಿದರೆ, ಹಳೆ ಮೈಸೂರಿನ ಕಡೆ ಅದು ಧಾತು-ಈಶ್ವರ ಸಂವತ್ಸರಗಳ ಬರ. ಬ್ರಿಟಿಷ್ ಆಡಳಿತ ‘ಫ್ಯಾಮಿನ್’ಗೂ ‘ಸ್ಕೇರ್ಸಿಟಿ’ಗೂ ಗೆರೆ ಎಳೆದಿತ್ತು. ಮಹಾರಾಷ್ಟ್ರವಂತೂ 1963ರಲ್ಲಿ ಕಾಯ್ದೆ ಮಾಡಿ ತನ್ನ ಕಾನೂನುಗಳಿಂದ ‘ಫ್ಯಾಮಿನ್’ ಪದವನ್ನೇ ತೆಗೆದುಹಾಕಿತು. 1972ರ ಬರ ಬಂದಾಗ ಅಲ್ಲಿ ಕಾನೂನಿನ ಬಾಯಲ್ಲಿ ಇದ್ದದ್ದು ‘ಕೊರತೆ’ ಮಾತ್ರ. ಪದ ಅಳಿಸಿದವರಿಗೆ ಹುಡುಕುವವರ ಕಷ್ಟ ಎಲ್ಲಿ ಗೊತ್ತಿರಬೇಕು!

ಇಂಡಿ ಕಡೆಯ ಒಬ್ಬ ಆಯಿ ಎಪ್ಪತ್ತೆರಡರ ಬರದ ಬಗ್ಗೆ ನನ್ನೊಡನೆ ಐವತ್ತು ನಿಮಿಷ ಮಾತಾಡಿದ್ದರು. ಅಧ್ಯಾಯ ಬರೆಯುವಾಗ ಹುಡುಕಿದೆ. ‘ಬರ’, ‘ಬರಗಾಲ’, ‘ಎಪ್ಪತ್ತೆರಡು’ ಯಾವುದಕ್ಕೂ ಅವರ ಕಡತ ಬರಲಿಲ್ಲ. ಸೂಚಿ ಸರಿಯಾಗಿಯೇ ಇತ್ತು, ಅವರ ಹೆಸರು ಕೊಟ್ಟರೆ ಕಡತ ತಟ್ಟನೆ ಸಿಗುತ್ತಿತ್ತು. ತೆರೆದು ಓದಿದೆ. ಐವತ್ತು ನಿಮಿಷದಲ್ಲಿ ಆಯಿ ಒಮ್ಮೆಯೂ ಬರ ಅಂದಿಲ್ಲ. “ಎತ್ತ ಮಾರಿದ ವರ್ಷ ನನ್ನ ಮದಿವಿ ಆತವ್ವಾ” ಅಂತ ಶುರು ಮಾಡಿ, ಕೊನೆಯವರೆಗೂ ‘ಎತ್ತ ಮಾರಿದ ವರ್ಷ’ ಅಂತಲೇ ಹೇಳಿದ್ದಾರೆ. ಅಂಗಳದಲ್ಲಿ ಕೂತು ಕೇಳುವಾಗ ಇಬ್ಬರಿಗೂ ಯಾವ ವರ್ಷ ಅಂತ ಗೊತ್ತಿತ್ತು, ಬಿಡಿಸಿ ಕೇಳುವ ಪ್ರಮೇಯ ಬಂದಿರಲಿಲ್ಲ. ಮಾರಿದ್ದು ತವರಿನ ಎತ್ತೋ ಗಂಡನ ಮನೆಯದೋ, ಆ ಹಣ ಮದುವೆಗೆ ಹೋಯಿತೋ ಕಾಳಿಗೆ ಹೋಯಿತೋ, ಈಗ ಕೇಳೋಣವೆಂದರೆ ಆಯಿ ಇಲ್ಲ.

ರಿಕಾಲ್‌ನಲ್ಲಿ ಸಮಾನಾರ್ಥಕಗಳ ಕಡತವೊಂದನ್ನು ನಾವೇ ಬರೆದುಕೊಡಬಹುದು. ಈಗ ಎಲ್ಲ ಸಂದರ್ಶನಗಳನ್ನೂ ಮೊದಲಿನಿಂದ ಕೂತು ಓದುತ್ತ ಅದನ್ನು ತುಂಬಿಸುತ್ತಿದ್ದೇನೆ. ಬರ, ಬರಗಾಲ, ಸ್ಕೇರ್ಸಿಟಿ, ಮಳಿ ಹೋದ ವರ್ಷ, ಕಲ್ಲ ಒಡಿಯೂ ಕೆಲಸ, ಎತ್ತ ಮಾರಿದ ವರ್ಷ. ನಿನ್ನೆ ಇನ್ನೊಂದು ಸೇರಿತು: ‘ಅಪ್ಪ ಪುಣೆಕ್ಕ ಹ್ವಾದಾಗ’.