ಲಕ್ಷಕ್ಕೊಂದು ಓಮ್

"ನಿನ್ನ ಕೆಲಸ ಏನು ಮಾರಾಯ?" ಅಂತ ಯಾರಾದರೂ ಕೇಳಿದರೆ, ಬಿಸಿ ನೋಡೋ ಕ್ಯಾಮೆರಾಕ್ಕೆ ಚಿಪ್ ಡಿಸೈನು ಅಂದು ಸುಮ್ಮನಾಗಿಬಿಡುತ್ತೇನೆ. ಇಲ್ಲಿ ಬ್ಲಾಗ್ ನನ್ನದೇ ಆದ್ದರಿಂದ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ :)

ಈ ಕ್ಯಾಮೆರಾದ ಒಂದೊಂದು ಪಿಕ್ಸೆಲ್ಲೂ ಪುಟ್ಟ ಮಂಚದ ಹಾಗೆ. ಅಗಲ 17 ಮೈಕ್ರಾನ್ ಅಂದುಕೊಳ್ಳಿ. ಎರಡು ಸಪೂರ ಕಾಲುಗಳ ಮೇಲೆ, ಚಿಪ್ಪಿನಿಂದ ಎರಡೂವರೆ ಮೈಕ್ರಾನ್ ಎತ್ತರದಲ್ಲಿ, ನಿರ್ವಾತದಲ್ಲಿ ನಿಂತಿರುತ್ತದೆ. ಮೇಲೆ ವನೇಡಿಯಂ ಆಕ್ಸೈಡ್ ಪದರ. ನಿಮ್ಮ ಮೈಯಿಂದ ಹೊರಟ ಅವಕೆಂಪು ಕಿರಣ ತಾಗಿ ಅದು ಬಿಸಿಯಾದರೆ, ಡಿಗ್ರಿಗೆ ಸುಮಾರು ಶೇ. 2ರಷ್ಟು ರೆಸಿಸ್ಟೆನ್ಸ್ ಇಳಿಯುತ್ತದೆ. ಹನಿವೆಲ್ ಕಂಪನಿ 1980ರ ದಶಕದಲ್ಲಿ ಅಮೆರಿಕದ ಸೇನೆಗಾಗಿ ಗುಟ್ಟಾಗಿ ಮಾಡಿದ್ದು, 1992ರಲ್ಲಿ ಗುಟ್ಟು ಬಯಲಾಯಿತು. ಸೆನ್ಸರನ್ನು ಗಡಗಡ ತಣ್ಣಗೆ ಮಾಡುವ ಕೂಲರ್ ಬೇಡ, ಅದಕ್ಕೇ ಅಗ್ಗ.

ಅಗ್ಗದ ಬೆಲೆ ಸರ್ಕ್ಯೂಟ್ ಮಾಡುವವನ ತಲೆಯ ಮೇಲೆ. ಲೆಕ್ಕ ನೋಡಿ. ಎದುರಿನ ಗೋಡೆ 1 ಡಿಗ್ರಿ ಬಿಸಿಯಾದರೆ ಪಿಕ್ಸೆಲ್ ಬಿಸಿಯಾಗುವುದು ಹೆಚ್ಚೆಂದರೆ 0.01 ಡಿಗ್ರಿ. ನಮಗೆ ಗೋಡೆಯ 0.05 ಡಿಗ್ರಿ ವ್ಯತ್ಯಾಸ ಕಾಣಬೇಕು. ಅಂದರೆ ಪಿಕ್ಸೆಲ್ಲಿನಲ್ಲಿ 0.0005 ಡಿಗ್ರಿ. ಪಿಕ್ಸೆಲ್ 1 ಲಕ್ಷ ಓಮ್ ಇದ್ದರೆ, ಬದಲಾಗುವುದು ಒಂದೇ ಒಂದು ಓಮ್! ಹತ್ತು ಟನ್ನಿನ ಲಾರಿಯನ್ನು ವೇ ಬ್ರಿಡ್ಜಿಗೆ ಹತ್ತಿಸಿ, ಡ್ರೈವರಣ್ಣನ ಜೇಬಿನ ಚಿಲ್ಲರೆ ತೂಗಿದ ಹಾಗೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅಳೆಯಲು ಕರೆಂಟ್ ಹರಿಸಬೇಕಲ್ಲ, ಆ ಕೆಲವು ಹತ್ತು ಮೈಕ್ರೋಸೆಕೆಂಡಿನಲ್ಲೇ ಪಿಕ್ಸೆಲ್ ನಾಲ್ಕೈದು ಡಿಗ್ರಿ ಬಿಸಿಯಾಗುತ್ತದೆ. ಹುಡುಕುತ್ತಿರುವುದಕ್ಕಿಂತ ಹತ್ತು ಸಾವಿರ ಪಟ್ಟು! ಅದನ್ನು ಕಳೆಯಲು ಪಕ್ಕದಲ್ಲಿ ಹೊರಗಿನ ಬೆಳಕು ಕಾಣದ ಒಂದು ಕುರುಡು ಪಿಕ್ಸೆಲ್ ಇಡುತ್ತೇವೆ. ಅದೂ ಅಷ್ಟೇ ಬಿಸಿಯಾಗುತ್ತದೆ, ಇದರಿಂದ ಅದನ್ನು ಕಳೆದರೆ ಆಯಿತು. ಆದರೆ ಒಂದು ಕಾಲಮ್ಮಿಗೆಲ್ಲ ಒಂದೇ ಕುರುಡು ಪಿಕ್ಸೆಲ್ ಇದ್ದರೆ, ಅದರ ನಾಯ್ಸ್ ಚಿತ್ರದಲ್ಲಿ ಪಟ್ಟೆಪಟ್ಟೆ ಸೀರೆಯ ಹಾಗೆ ಉದ್ದ ಗೆರೆಯಾಗಿ ಮೂಡುತ್ತದೆ. ಚುಕ್ಕಿಚುಕ್ಕಿ ನಾಯ್ಸನ್ನು ಕಣ್ಣು ಕ್ಷಮಿಸುತ್ತದೆ, ಗೆರೆಯನ್ನಲ್ಲ.

"ಸಾಫ್ಟ್‌ವೇರಿನಲ್ಲಿ ಸರಿ ಮಾಡೋಣ ಬಿಡಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು. ಮಾಮೂಲಿ ನಾಯ್ಸ್ ಆದರೆ ನಾಲ್ಕು ಫ್ರೇಮ್ ಸರಾಸರಿ ತೆಗೆದರೆ ಅರ್ಧಕ್ಕಿಳಿಯುತ್ತದೆ. ವನೇಡಿಯಂ ಆಕ್ಸೈಡಿನೊಳಗೇ ಹುಟ್ಟುವ ನಿಧಾನದ ನಾಯ್ಸ್ ಇದೆಯಲ್ಲ, 'ಒನ್ ಬೈ ಎಫ್' ಅನ್ನುತ್ತೇವೆ, ಅದು ಸರಾಸರಿಗೆ ಬಗ್ಗುವುದಿಲ್ಲ. ಆಂಪ್ಲಿಫೈಯರಿನ ಇಂಥ ನಾಯ್ಸನ್ನು ಎರಡು ಸಲ ಓದಿ ಕಳೆಯಬಹುದು. ಪಿಕ್ಸೆಲ್ಲಿನದು ಕರೆಂಟ್ ಹರಿದಾಗಲೇ ಕಾಣುವುದು, ಹಾಗಾಗಿ ಉಳಿದೇ ಉಳಿಯುತ್ತದೆ. ಕರೆಂಟ್ ಹೆಚ್ಚಿಸಿದರೆ ಸಿಗ್ನಲ್ ಜೊತೆ ಅದೂ ಹೆಚ್ಚುತ್ತದೆ. ನಮ್ಮ ಕೈಲಾಗುವುದು ಉಳಿದೆಲ್ಲ ನಾಯ್ಸನ್ನು ಅದರ ಕೆಳಗೆ ತಳ್ಳುವುದಷ್ಟೇ.

2020ರಲ್ಲಿ ಕೊರೊನಾ ಬಂದಾಗ ಇದೇ ಕ್ಯಾಮೆರಾಗಳು ಜ್ವರ ಹಿಡಿಯಲು ಬಾಗಿಲು ಬಾಗಿಲಿಗೆ ನಿಂತವು. ಡಬ್ಬದ ಮೇಲೆ "0.05 ಡಿಗ್ರಿ" ಅಂತಿದ್ದರೆ ಅದು ವ್ಯತ್ಯಾಸ ಗುರುತಿಸುವ ಶಕ್ತಿ, ಉಷ್ಣತೆ ಸರಿಯಾಗಿ ಹೇಳುವ ಶಕ್ತಿ ಅಲ್ಲ. ನಂಬರು 2 ಡಿಗ್ರಿ ಆಚೀಚೆ ಆಗುವುದು ಇವುಗಳಲ್ಲಿ ಸಾಮಾನ್ಯ. 37ಕ್ಕೂ 38ಕ್ಕೂ ನಡುವೆ ಇರುವುದೇ ಒಂದು! ಅದಕ್ಕೇ ಉಷ್ಣತೆ ಗೊತ್ತಿರುವ ಒಂದು ಕಪ್ಪು ಫಲಕವನ್ನು ಚಿತ್ರದೊಳಗೇ ಇಡಬೇಕು. ನಾನು ಹೋದ ಮಾಲಿನಲ್ಲಿ ಫಲಕ ಇರಲಿಲ್ಲ. ನನಗೆ 35.1 ತೋರಿಸಿ "ಹೋಗಿ ಸಾರ್" ಅಂದರು. ನಾನು ಮಾತ್ರ ಪರದೆಯ ಮೇಲಿನ ಗೆರೆ ಎಣಿಸುತ್ತಾ ನಿಂತಿದ್ದೆ. ಆರು ಇದ್ದವು.