ಪಿಟೀಲಿನಿಂದ ವಾದ್ಯವೃಂದದವರೆಗೆ

ಜಮಖಾನದ ಮೇಲೆ ಕುಳಿತು, ಬಲಪಾದಕ್ಕೆ ಪಿಟೀಲಿನ ತುದಿಯನ್ನು ಊರಿ, ರಾಗದ ಒಳದಾರಿಗಳನ್ನು ಮನೋಧರ್ಮದಿಂದಲೇ ಅರಸುವ ಕರ್ನಾಟಕ ಸಂಗೀತದ ವಾದಕನೊಬ್ಬನು, ಲಿಖಿತ ಸ್ವರಗಳನ್ನೇ ನೆಚ್ಚಿದ ಪಾಶ್ಚಾತ್ಯ ವಾದ್ಯವೃಂದಕ್ಕೆ ಕೃತಿಗಳನ್ನು ರಚಿಸಿ, ಅದನ್ನು ನಿರ್ದೇಶಿಸಲೂ ಬಲ್ಲನೆಂಬುದು ಸಾಮಾನ್ಯ ಸಂಗತಿಯಲ್ಲ. ತಂದೆ ವಿ. ಲಕ್ಷ್ಮೀನಾರಾಯಣರಲ್ಲಿ ಕಲಿತು, ಮದರಾಸಿನಲ್ಲಿ ವೈದ್ಯಪದವಿಯನ್ನು ಪಡೆದೂ ಸಂಗೀತವನ್ನೇ ವರಿಸಿ, ಬೆಂಗಳೂರನ್ನು ನೆಲೆಯಾಗಿಸಿಕೊಂಡ ಎಲ್. ಸುಬ್ರಹ್ಮಣ್ಯಂ ಅವರು ಅಂಥ ವಿರಳರು. ವೇದಘೋಷವನ್ನು ಆಧರಿಸಿದ ಅವರ ಕೃತಿಯನ್ನು 1985ರಲ್ಲಿ, ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ, ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವೃಂದವು ಅವರೊಡನೆಯೇ ನುಡಿಸಿತು. ನಮ್ಮ ರಿಪ್ಪನ್‌ಪೇಟೆಯ ಮಳೆಗಾಲದ ದೀರ್ಘ ಸಂಜೆಗಳಲ್ಲಿ ಆ ಕೃತಿಯನ್ನು ಆದ್ಯಂತವಾಗಿ ಕೇಳಿರಿ. ಪಿಟೀಲು ಕಲಿಯುತ್ತಿರುವ ಮಕ್ಕಳಿಗೆ ಅವಶ್ಯವಾಗಿ ಕೇಳಿಸಿರಿ.