ಕ್ಲಬ್ಬಿನ ಕೋಚಿಗೆ ದೇಶದ ಕರೆ ಬಂದರೆ...

ಕೊಡಗಿನವನು ಅಂದ ಕೂಡಲೇ ಎದುರಿಗಿದ್ದವರು ಕೇಳೋದು ಮೂರೇ ಪ್ರಶ್ನೆ. ಕಾಫಿ ತೋಟ ಎಷ್ಟು ಎಕರೆ? ಮನೆಯಲ್ಲಿ ಕೋವಿ ಇದೆಯಾ? ಹಾಕಿ ಆಡ್ತೀರಾ? ತೋಟ ಇಲ್ಲ, ಕೋವಿ ಇಲ್ಲ, ಹಾಕಿ ನೋಡ್ತೀನಿ ಅಷ್ಟೆ, ನನ್ನದು ಫುಟ್ಬಾಲ್ ಅಂದರೆ ಪಾಪ ಅವರ ಮುಖ ಸಪ್ಪಗಾಗುತ್ತೆ :-)

ಸುಂಟಿಕೊಪ್ಪದ ಕಡೆಯವರಿಗಾದರೆ ಇದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಅಲ್ಲಿ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಪಂದ್ಯಾವಳಿ ನಡೆದಾಗ ಕೇರಳ, ಮೈಸೂರು, ಬೆಂಗಳೂರು ಕಡೆಯಿಂದೆಲ್ಲ ತಂಡಗಳು ಬರುತ್ತವೆ. ಮೈದಾನದ ಸುತ್ತ ಜನ ಕಾಲಿಡಲು ಜಾಗವಿಲ್ಲದಂತೆ ನಿಲ್ಲುತ್ತಾರೆ. ಅಷ್ಟೇ ಏಕೆ, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿದ್ದ, ಮರುವರ್ಷದ ವಿಶ್ವಕಪ್ಪಿನಲ್ಲಿ ಬೆಳ್ಳಿ ತಂದ ತಂಡದ ನಾಯಕರಾಗಿದ್ದ ನಮ್ಮ ಎಂ.ಪಿ. ಗಣೇಶ್ ಕೂಡ ಮೊದಲು ಆಡುತ್ತಿದ್ದದ್ದು ಫುಟ್ಬಾಲನ್ನೇ. ಸೇನೆಗೆ ಸೇರಿದ ಮೇಲೆ ಕೈಗೆ ಹಾಕಿ ಸ್ಟಿಕ್ ಬಂತು. ಹಾಗಾಗಿ ನಾವು ಅಲ್ಪಸಂಖ್ಯಾತರಾದರೂ ಅನಾಥರಲ್ಲ.

ಇರಲಿ, ವಿಷಯಕ್ಕೆ ಬರ್ತೀನಿ. 2024ರಿಂದ ತಲೆಯಲ್ಲಿ ಒಂದು ಪ್ರಶ್ನೆ ಕೊರೀತಾ ಇದೆ. ಒಂದು ಕ್ಲಬ್ಬಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವ ಕೋಚಿಗೆ ದೇಶದ ತಂಡವನ್ನು ನೋಡಿಕೋ ಅಂತ ಕರೆ ಬಂದರೆ ಆತ ಹೋಗಬೇಕಾ? "ದೇಶ ಕರೆದರೆ ಹೋಗಲೇಬೇಕಲ್ರೀ, ಇದರಲ್ಲಿ ಕೇಳೋದೇನಿದೆ" ಅಂತೀರೇನೋ. ನನಗದು ಅಷ್ಟು ಸಲೀಸಾಗಿ ಕಾಣಿಸುತ್ತಿಲ್ಲ.

2024ರ ಜುಲೈನಲ್ಲಿ ನಮ್ಮ ಫುಟ್ಬಾಲ್ ಫೆಡರೇಷನ್ ಸ್ಪೇನಿನ ಮನೋಲೊ ಮಾರ್ಕ್ವೆಜ್ ಅವರನ್ನು ಭಾರತ ತಂಡದ ಕೋಚ್ ಮಾಡಿತು. ಆಗ ಅವರು ಎಫ್‌ಸಿ ಗೋವಾದ ಕೋಚ್. ಅದನ್ನೂ ಬಿಡಲಿಲ್ಲ. 2024-25ರ ಸೀಸನ್ ಮುಗಿಯುವ ತನಕ ಎರಡೂ ಕಡೆ ಇರೋದು, ಆಮೇಲೆ ಪೂರ್ತಿ ದೇಶದ ತಂಡಕ್ಕೆ ಬರೋದು ಅಂತ ಒಪ್ಪಂದ. ಎರಡು ತೋಟಕ್ಕೆ ಒಬ್ಬನೇ ರೈಟರ್ ಇದ್ದ ಹಾಗೆ. ಎರಡೂ ಕಡೆ ಮಳೆ ಒಟ್ಟಿಗೇ ಬರುತ್ತೆ, ಹಣ್ಣು ಒಟ್ಟಿಗೇ ಕೊಯ್ಲಿಗೆ ಬರುತ್ತೆ!

ಮನೋಲೊ ಕೆಟ್ಟ ಕೋಚ್ ಅಂತ ಯಾರೂ ಹೇಳಲಾರರು. ಅದೇ ಸೀಸನ್ನಿನಲ್ಲಿ ಗೋವಾ ಲೀಗಿನಲ್ಲಿ ಎರಡನೇ ಸ್ಥಾನ ಪಡೆಯಿತು, 2025ರ ಮೇ ತಿಂಗಳಲ್ಲಿ ಭುವನೇಶ್ವರದಲ್ಲಿ ಸೂಪರ್ ಕಪ್ ಗೆದ್ದಿತು. ಭಾರತ ತಂಡ ಮಾತ್ರ ಅವರ ಕೈಯಲ್ಲಿ ಎಂಟು ಪಂದ್ಯ ಆಡಿ ಗೆದ್ದದ್ದು ಒಂದೇ ಒಂದು, ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಮೇಲೆ. ಅದಾದ ವಾರದೊಳಗೆ ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಜೊತೆ ಗೋಲಿಲ್ಲದ ಡ್ರಾ. ಜೂನ್ 10ಕ್ಕೆ ಹಾಂಗ್‌ಕಾಂಗ್‌ನಲ್ಲಿ ಕೊನೆಗಳಿಗೆಯ ಪೆನಾಲ್ಟಿಗೆ ಸೋಲು. ಜುಲೈ ಹೊತ್ತಿಗೆ ಎರಡೂ ಕಡೆಯವರು ಒಪ್ಪಿ ಬೇರೆಯಾದರು. ಒಂದೇ ತಲೆ, ಒಂದೇ ವರ್ಷ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಇದು.

ಇದರ ಮಧ್ಯೆ ಒಂದು ಮಜಾ ನಡೀತು. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ ಅನ್ನೋದು ನಿಮಗೆ ಗೊತ್ತೇ ಇದೆ, ಹಾಗಾಗಿ ಇದನ್ನು ಹೇಳದೆ ಬಿಡಲಾರೆ. 2024ರ ಜೂನ್‌ನಲ್ಲಿ ನಿವೃತ್ತಿಯಾಗಿದ್ದ ಸುನಿಲ್ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ದೇಶದ ತಂಡಕ್ಕೆ ವಾಪಸ್ ಕರೆದವರು ಇದೇ ಮನೋಲೊ. ಒಂದೇ ತಿಂಗಳಲ್ಲಿ ಐಎಸ್‌ಎಲ್ ಸೆಮಿಫೈನಲ್, ಬೆಂಗಳೂರಿಗೂ ಗೋವಾಕ್ಕೂ. ಮೊದಲ ಪಂದ್ಯ ಕಂಠೀರವದಲ್ಲಿ ನಾವು 2-0. ಏಪ್ರಿಲ್ 6ರಂದು ಗೋವಾದಲ್ಲಿ ಅವರು 88ನೇ ನಿಮಿಷಕ್ಕೆ ಎರಡನೇ ಗೋಲು ಹೊಡೆದು ಲೆಕ್ಕ ಸಮ ಮಾಡಿದರು. ಇನ್ನೇನು ಹೆಚ್ಚುವರಿ ಸಮಯ ಅನ್ನುವಾಗ ಬದಲಿ ಆಟಗಾರನಾಗಿ ಇಳಿದಿದ್ದ, ನಲವತ್ತು ವರ್ಷದ ಛೆಟ್ರಿ ತಲೆಯಿಂದ ಚೆಂಡನ್ನು ಗೋಲಿಗೆ ಕಳಿಸಿದ! ನಾನು ಕುರ್ಚಿಯಿಂದ ಎದ್ದು ಕುಣಿದದ್ದು ಬೇರೆ ಮಾತು. ಆಮೇಲೆ ಯೋಚನೆ ಮಾಡಿದೆ. ಆ ಕ್ಷಣದಲ್ಲಿ ಗೋವಾದ ಕೋಚಿಗೆ ದುಃಖ, ಭಾರತದ ಕೋಚಿಗೆ ಖುಷಿ ಆಗಬೇಕು. ಇಬ್ಬರೂ ಒಂದೇ ಅಂಗಿಯೊಳಗಿದ್ದರು.

ಎಲ್ಲರೂ ಮಾತಾಡೋದು ಇದನ್ನೇ. ಸ್ವಂತ ಕ್ಲಬ್ಬಿನ ಹುಡುಗರಿಗೇ ಮಣೆ ಹಾಕಿದರೆ? ಎದುರಾಳಿ ಕ್ಲಬ್ಬಿನವರನ್ನು ಕ್ಯಾಂಪಿನಲ್ಲಿ ಹೆಚ್ಚು ದಣಿಸಿದರೆ? ನನಗೆ ಮಾತ್ರ ಇದು ಅಷ್ಟು ದೊಡ್ಡ ಸಮಸ್ಯೆ ಅನ್ನಿಸುವುದಿಲ್ಲ. ಇವು ಎರಡೂ ಬೇರೆ ಬೇರೆ ಕಸುಬು ಅನ್ನೋದೇ ನಿಜವಾದ ಸಮಸ್ಯೆ. ನನಗೆ ಇದು ಅರ್ಥವಾದದ್ದು ಫುಟ್ಬಾಲಿನಿಂದ ಅಲ್ಲ, ಹಾಕಿಯಿಂದ (ನೋಡಿ, ಕೊನೆಗೆ ಹಾಕಿಗೇ ಬಂದೆ!).

ಕೊಡವ ಕುಟುಂಬಗಳ ಹಾಕಿ ನಮ್ಮೆ ಬಗ್ಗೆ ಕೇಳಿರುತ್ತೀರಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ನಡೆದಾಗ 396. ಕಾಫಿ ಕೊಯ್ಲು ಮುಗಿದು ಮಳೆಗಾಲ ಶುರುವಾಗುವ ಮುಂಚಿನ ಬಿಡುವಿನಲ್ಲಿ ನಡೆಯುವ ಹಬ್ಬ. ಒಂದೊಂದು ಒಕ್ಕಕ್ಕೆ ಒಂದೊಂದು ತಂಡ. ಹೆಣ್ಣುಮಕ್ಕಳೂ ಆಡುತ್ತಾರೆ, ಮೊಮ್ಮಕ್ಕಳಿರುವವರೂ ಆಡುತ್ತಾರೆ.

ಗೋಣಿಕೊಪ್ಪ ಕಡೆಯ ನನ್ನ ಗೆಳೆಯನೊಬ್ಬ ಮಕ್ಕಳಿಗೆ ಹಾಕಿ ಕಲಿಸುತ್ತಾನೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಮೈದಾನದಲ್ಲಿರುತ್ತಾನೆ, ಮಂಜಿರಲಿ ಮಳೆಯಿರಲಿ. ಯಾವ ಹುಡುಗ ಬಲಗಡೆ ತಿರುಗುವಾಗ ತಡಬಡಾಯಿಸುತ್ತಾನೆ, ಯಾವ ಹುಡುಗಿಗೆ ಬೈದರೆ ಆಟ ಕೆಡುತ್ತೆ, ಎಲ್ಲ ಅವನಿಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಒಕ್ಕದ ಹಿರಿಯರು ಕರೆದು, "ಈ ಸಲ ಮನೆ ಟೀಮನ್ನು ನೀನೇ ನೋಡ್ಕೋ" ಅಂದರು. ಇಲ್ಲ ಅನ್ನುವ ಹಾಗಿಲ್ಲ, ಐನ್‌ಮನೆಯ ನೆಲ್ಲಕ್ಕಿಯ ಮುಂದೆ ನಿಂತು ಇಲ್ಲ ಅನ್ನೋಕಾಗುತ್ತಾ?

ತಂಡ ಅಂದರೆ ಯಾರು? ಸೇನೆಯಿಂದ ರಜೆ ಸಿಕ್ಕಿದರೆ ಬರುವ ಒಬ್ಬ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿಬ್ಬರು, ಸೊಂಟ ಬಗ್ಗೋದಿಲ್ಲ. ಮಂಗಳೂರಿನಲ್ಲಿ ಓದುವ ಹುಡುಗಿ, ಅವಳೇ ಎಲ್ಲರಿಗಿಂತ ಚೆನ್ನಾಗಿ ಆಡುವವಳು, ಆದರೆ ಅವಳಿಗೆ ಪರೀಕ್ಷೆ. ಜೊತೆಗೆ ಐವತ್ತೆಂಟು ವರ್ಷದ ಒಬ್ಬ ಚಿಕ್ಕಪ್ಪ, ಮುಂದೆಯೇ ಆಡಬೇಕಂತೆ. ಹೊರಗಿನಿಂದ ಯಾರನ್ನೂ ತರುವ ಹಾಗಿಲ್ಲ, ಒಕ್ಕದಲ್ಲಿ ಗೋಲ್‌ಕೀಪರ್ ಹುಟ್ಟಿಲ್ಲ ಅಂದರೆ ಹುಟ್ಟಿಲ್ಲ, ಅಷ್ಟೆ. ಎಲ್ಲರೂ ಒಟ್ಟಿಗೆ ಸಿಕ್ಕಿದ್ದು ನಾಲ್ಕು ದಿನ.

"ಮೊದಲ ವರ್ಷ ನಾನು ಕ್ಲಬ್ಬಲ್ಲಿ ಮಾಡೋದನ್ನೇ ಮಾಡಿದೆ ಮಾರಾಯ," ಅಂದ. "ಪೆನಾಲ್ಟಿ ಕಾರ್ನರಿಗೆ ನಾಲ್ಕು ಥರ ಹೇಳಿಕೊಟ್ಟೆ. ಪಂದ್ಯದಲ್ಲಿ ಒಬ್ಬನಿಗೂ ಒಂದೂ ನೆನಪಿಲ್ಲ. ಎರಡನೇ ಮ್ಯಾಚಿಗೇ ಮನೆಗೆ."

"ಮರುವರ್ಷ?"

"ಏನೂ ಕಲಿಸಲಿಲ್ಲ. ಯಾರು ಯಾವ ಜಾಗದಲ್ಲಿ ಆಡ್ತೀರಿ ಅಂತ ಕೇಳಿದೆ, ಅಲ್ಲೇ ನಿಲ್ಲಿಸಿದೆ. ಚಿಕ್ಕಪ್ಪನಿಗೆ ಹತ್ತು ನಿಮಿಷ ಕೊಟ್ಟೆ. ಮೂರು ಸುತ್ತು ಗೆದ್ದೆವು."

ದೇಶದ ತಂಡವೂ ಹೀಗೇ ಅಲ್ವಾ? ಆಟಗಾರರನ್ನು ಕೊಳ್ಳುವ ಹಾಗಿಲ್ಲ, ಹುಟ್ಟಿದವರಲ್ಲೇ ಆರಿಸಬೇಕು. ಫಿಫಾ ಗೊತ್ತು ಮಾಡಿದ ದಿನಗಳಲ್ಲಿ ಮಾತ್ರ ಕ್ಲಬ್‌ಗಳು ಅವರನ್ನು ಬಿಡಲೇಬೇಕು, ಮಿಕ್ಕ ದಿನ ಬಿಟ್ಟರೆ ಬಿಟ್ಟರು. ಕ್ಲಬ್ಬಿನ ಕೋಚ್ ಆಟಗಾರನನ್ನು ತಯಾರು ಮಾಡುತ್ತಾನೆ. ದೇಶದ ಕೋಚಿಗೆ ಬೇರೆಯವರು ತಯಾರು ಮಾಡಿದ್ದನ್ನು ನಾಲ್ಕು ದಿನದಲ್ಲಿ ಜೋಡಿಸುವ ಕೆಲಸ.

ಎರಡನ್ನೂ ಒಟ್ಟಿಗೆ ಮಾಡಿ ಗೆದ್ದವರೇ ಇಲ್ಲವಾ? ಇದ್ದಾರೆ, ನಮ್ಮ ಪಕ್ಕದ ಹೈದರಾಬಾದಿನಲ್ಲೇ. ಸೈಯದ್ ಅಬ್ದುಲ್ ರಹೀಮ್ ಶಾಲಾ ಮೇಷ್ಟ್ರಾಗಿದ್ದವರು, 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್. ಆ ತಂಡ 1950ರಿಂದ 54ರ ತನಕ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದನ್ನು ನೋಡಿಕೊಳ್ಳುತ್ತಲೇ ದೇಶಕ್ಕೆ 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನ ತಂದುಕೊಟ್ಟರು. ಆದರೆ ಆಗ ಭಾರತ ತಂಡದಲ್ಲಿ ಹೈದರಾಬಾದಿನ ಹುಡುಗರೇ ತುಂಬಿರುತ್ತಿದ್ದರು, ವರ್ಷವಿಡೀ ಅವರ ಕಣ್ಣೆದುರೇ ಆಡುತ್ತಿದ್ದವರು. ಕ್ಲಬ್ಬಿನ ಅಭ್ಯಾಸವೇ ಅರ್ಧ ದೇಶದ ಕ್ಯಾಂಪ್ ಆಗಿತ್ತು. ಇವತ್ತು ಹದಿಮೂರು ಹದಿನಾಲ್ಕು ಕ್ಲಬ್‌ಗಳಿಂದ ಹೆಕ್ಕಿ ತೆಗೆಯುವಾಗ ಅದು ಎಲ್ಲಿ ಸಾಧ್ಯ?

ಹೊರದೇಶದಲ್ಲಿ ಗುಸ್ ಹಿಡಿಂಕ್ 2005-06ರಲ್ಲಿ ಹಾಲೆಂಡಿನ ಪಿಎಸ್‌ವಿ ಕ್ಲಬ್ಬನ್ನೂ ಆಸ್ಟ್ರೇಲಿಯಾ ತಂಡವನ್ನೂ ನೋಡಿಕೊಂಡರು. ಪಿಎಸ್‌ವಿ ಲೀಗ್ ಗೆದ್ದಿತು, ಆಸ್ಟ್ರೇಲಿಯಾ 1974ರ ನಂತರ ಮೊದಲ ಸಲ ವಿಶ್ವಕಪ್ಪಿಗೆ ಹೋಗಿ ಹದಿನಾರರ ಘಟ್ಟ ಮುಟ್ಟಿತು. ಒಂದೇ ವರ್ಷದ ಮಾತು, ಆಟಗಾರರಲ್ಲಿ ಬಹಳ ಜನ ಯುರೋಪಿನಲ್ಲೇ ಇದ್ದರು ಅನ್ನೋದನ್ನೂ ಮರೆಯಬಾರದು. 1985ರಲ್ಲಿ ಜಾಕ್ ಸ್ಟೀನ್ ಪಂದ್ಯದ ದಿನವೇ ತೀರಿಕೊಂಡಾಗ ಸ್ಕಾಟ್ಲೆಂಡ್ ತಂಡವನ್ನು ಅಬರ್ಡೀನಿನ ಅಲೆಕ್ಸ್ ಫರ್ಗ್ಯುಸನ್ ಹೊತ್ತರು. ಹಿಂದಿನ ಎರಡು ವರ್ಷ ಲೀಗ್ ಗೆದ್ದಿದ್ದ ಅಬರ್ಡೀನ್ ಆ ಸಲ ನಾಲ್ಕನೇ ಸ್ಥಾನಕ್ಕೆ ಬಂತು (ಎರಡು ಕಪ್ ಗೆದ್ದಿತು ಅನ್ನಿ), ಸ್ಕಾಟ್ಲೆಂಡ್ ಮೆಕ್ಸಿಕೋದಲ್ಲಿ ಮೊದಲ ಸುತ್ತಿಗೇ ಹೊರಗೆ. ಫರ್ಗ್ಯುಸನ್‌ರಂಥ ಫರ್ಗ್ಯುಸನ್ನೇ ಹೀಗೆ!

ಈಗ ಖಾಲಿದ್ ಜಮೀಲ್ ಮಾತಿಗೆ ಬರ್ತೀನಿ. ನನಗೆ ನಿಜಕ್ಕೂ ಸಂಕಟ ಆಗೋದು ಇಲ್ಲಿ. 2025ರ ಆಗಸ್ಟ್ 1ರಂದು ಫೆಡರೇಷನ್ ಅವರನ್ನು ಆರಿಸಿತು. ಸುಮಾರು 170 ಅರ್ಜಿಗಳು ಬಂದಿದ್ದವು. ಆಗ ಅವರು ಜಮ್‌ಶೆಡ್‌ಪುರದ ಕೋಚ್. ಆ ವರ್ಷ ಗೋವಾ ಸೂಪರ್ ಕಪ್ ಫೈನಲ್ಲಿನಲ್ಲಿ ಸೋಲಿಸಿದ್ದು ಇವರ ತಂಡವನ್ನೇ. ಅಂದರೆ ಆ ದಿನ ಮೈದಾನದ ಅಂಚಿನಲ್ಲಿ ಆ ಕಡೆ ಭಾರತದ ಕೋಚ್, ಈ ಕಡೆ ಭಾರತದ ಮುಂದಿನ ಕೋಚ್!

ಖಾಲಿದ್ ಹೆಸರು ಮಾಡಿದ್ದು ಐಜ್ವಾಲ್ ಎಫ್‌ಸಿಯಿಂದ. 2016-17ರಲ್ಲಿ ಕಾಸಿಲ್ಲದ ಆ ಪುಟ್ಟ ಕ್ಲಬ್ಬು ಐ-ಲೀಗ್ ಗೆದ್ದು ಕೋಲ್ಕತ್ತದ ದೊಡ್ಡಣ್ಣಂದಿರ ಬಾಯಿ ಮುಚ್ಚಿಸಿತು. ಹುಡುಗರನ್ನು ದಿನದಿನವೂ ತಿದ್ದಿ, ಸಾಲಾಗಿ ನಿಲ್ಲಿಸಿ, ಗೋಲು ಬಿಡದ ಹಾಗೆ ಕಟ್ಟೋದೇ ಅವರ ವಿದ್ಯೆ. ದೇಶದ ತಂಡದಲ್ಲಿ ಸಿಗದೇ ಇರೋದು ಆ ದಿನದಿನದ ಸಮಯವೇ. ಅವರ ದೊಡ್ಡ ಬಲವನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗಬೇಕು.

ಹಾಗಾದರೆ ಬೇಡ ಅನ್ನಬೇಕಿತ್ತಾ? ಇಲ್ಲ. 2011-12ರಲ್ಲಿ ಸಾವಿಯೋ ಮೆದೇರಾ ಇದ್ದದ್ದು ಬಿಟ್ಟರೆ ಅಲ್ಲಿಂದ ಈಚೆ ಪೂರ್ಣಾವಧಿಗೆ ಭಾರತೀಯರೊಬ್ಬರು ಆ ಕುರ್ಚಿಯಲ್ಲಿ ಕೂತಿರಲಿಲ್ಲ. ವಿದೇಶಿ ಕೋಚಿಗೆ ಈ ಕೆಲಸ ಹೋದರೆ ಇನ್ನೊಂದು ದೇಶ ಇರುತ್ತೆ. ನಮ್ಮವನು ಒಲ್ಲೆ ಅಂದಿದ್ದರೆ "ನೋಡಿ, ನಮ್ಮವರಿಗೆ ಧೈರ್ಯ ಇಲ್ಲ" ಅಂತ ಇನ್ನು ಹತ್ತು ವರ್ಷ ಆ ಬಾಗಿಲು ಮುಚ್ಚುತ್ತಿತ್ತು. ಅವರ ಹಿಂದೆ ಸಾಲಿನಲ್ಲಿ ನಿಂತಿರುವ ಭಾರತೀಯ ಕೋಚ್‌ಗಳ ಮೇಲೂ. ಅವರು ಹೋದರು, ಹೋಗುವಾಗ ಕ್ಲಬ್ಬನ್ನು ಬಿಟ್ಟು ಹೋದರು, ಎರಡೂ ಸರಿಯೇ. ಡ್ಯುರಾಂಡ್ ಕಪ್ ನಡೆಯುತ್ತಿರುವಾಗಲೇ ಕೋಚ್ ಎದ್ದುಹೋದರೆ ಜಮ್‌ಶೆಡ್‌ಪುರದ ಹುಡುಗರ ಗತಿ ಏನು ಅಂತ ಯಾರೂ ಕೇಳಲಿಲ್ಲ, ಅದೊಂದು ಬೇಜಾರು.

ಮುಂದೆ ಆದದ್ದು ಗೊತ್ತೇ ಇದೆ. ಮೊದಲ ಕ್ಯಾಂಪ್ ಬೆಂಗಳೂರಿನಲ್ಲಿ, ಫಿಫಾ ದಿನಗಳಿಗೆ ಮುಂಚೆ. ಮೋಹನ್ ಬಗಾನ್ ತನ್ನ ಆಟಗಾರರನ್ನು ಬಿಡಲಿಲ್ಲ. ಹದಿನೈದು ದಿನದ ಹಿಂದಷ್ಟೇ ಕ್ಲಬ್ ಕೋಚ್ ಆಗಿದ್ದವರಿಗೆ ಅವರು ಯಾಕೆ ಬಿಡಲಿಲ್ಲ ಅನ್ನೋದು ಚೆನ್ನಾಗಿ ಗೊತ್ತಿದ್ದಿರಬೇಕು! ಸಿಕ್ಕವರನ್ನೇ ಕಟ್ಟಿಕೊಂಡು ತಜಿಕಿಸ್ತಾನಕ್ಕೆ ಹೋಗಿ, ಆತಿಥೇಯರನ್ನು ಅವರ ನೆಲದಲ್ಲೇ 2-1ಕ್ಕೆ ಸೋಲಿಸಿ, ಒಮಾನನ್ನು ಪೆನಾಲ್ಟಿಯಲ್ಲಿ ಮಣಿಸಿ ಕಾಫಾ ನೇಷನ್ಸ್ ಕಪ್ಪಿನಲ್ಲಿ ಮೂರನೇ ಸ್ಥಾನ ತಂದರು. (ಈ ಕಾಫಾಕ್ಕೂ ನಮ್ಮ ಕಾಫಿಗೂ ಸಂಬಂಧ ಇಲ್ಲ, ಅದು ಮಧ್ಯ ಏಷ್ಯಾ ದೇಶಗಳ ಒಕ್ಕೂಟ.) ಆಹಾ ಅಂದುಕೊಂಡೆವು. ಅಕ್ಟೋಬರ್ 14ಕ್ಕೆ ಮಡಗಾಂವಿನಲ್ಲಿ ಛಾಂಗ್ಟೆ ಮೊದಲು ಗೋಲು ಹೊಡೆದರೂ ಸಿಂಗಾಪುರ 2-1ಕ್ಕೆ ಗೆದ್ದಿತು, 2027ರ ಏಷ್ಯಾ ಕಪ್ ಕನಸು ಅಲ್ಲಿಗೆ ಮುಗಿಯಿತು. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಆ ವರ್ಷ ಫೆಡರೇಷನ್ನಿನ ವ್ಯವಹಾರದ ಒಪ್ಪಂದಗಳ ಗೊಂದಲದಲ್ಲಿ ಐಎಸ್‌ಎಲ್ ಶುರುವೇ ಆಗಿರಲಿಲ್ಲ. ಬೇರೆಯವರು ತಯಾರು ಮಾಡಿದ್ದನ್ನು ಜೋಡಿಸೋದು ದೇಶದ ಕೋಚಿನ ಕೆಲಸ ಅಂದೆನಲ್ಲ, ಆ ಸಲ ತಯಾರು ಮಾಡಬೇಕಾದ ಕಾರ್ಖಾನೆಗೇ ಬೀಗ ಬಿದ್ದಿತ್ತು. ಬೈಗುಳ ಮಾತ್ರ ಖಾಲಿದ್‌ಗೆ.

ಮೊನ್ನೆ ಗೋಣಿಕೊಪ್ಪದ ಗೆಳೆಯ ಸಿಕ್ಕಿದಾಗ ಕೇಳಿದೆ, ಖಾಲಿದ್ ಜಾಗದಲ್ಲಿ ನೀನಿದ್ದರೆ ಏನು ಮಾಡ್ತಿದ್ದೆ ಅಂತ.

"ಹೋಗ್ತಿದ್ದೆ. ಆದರೆ ಆಟಗಾರರು ಯಾವತ್ತು ಕೈಗೆ ಸಿಗ್ತಾರೆ ಅಂತ ಮೊದಲು ಬರೆಸಿಕೊಂಡು ಹೋಗ್ತಿದ್ದೆ."

ಮನೆ ಟೀಮಿಗೆ ಅವನನ್ನೇ ಮತ್ತೆ ಕೇಳಿದ್ದಾರೆ. ಬರುವವರೆಲ್ಲ ಜನವರಿಯೊಳಗೆ ಹೆಸರು ಕೊಡಬೇಕು, ತಿಂಗಳಿಗೆ ಒಂದು ಭಾನುವಾರ ಊರಿಗೆ ಬಂದು ಆಡಬೇಕು ಅಂತ ಷರತ್ತು ಹಾಕಿದ್ದಾನಂತೆ. ಈ ತನಕ ಒಂಬತ್ತು ಹೆಸರು ಬಂದಿವೆ. ಅದರಲ್ಲಿ ಮೊದಲನೆಯದು ಚಿಕ್ಕಪ್ಪನದು.